ಎರಡು ಸೂರ್ಯರ ಬೆಳಕಿನಲ್ಲಿ ಒಂದು ಗ್ರಹ: ಕಪಿಲಾ ತೀರದಿಂದ ಕಾಣುವ ಜೋಡಿ ನಕ್ಷತ್ರದ ಕಥೆ

ನಂಜನಗೂಡು: ಮಾಘ ಮಾಸದ ನಸುಕಿನಲ್ಲಿ ತಿರುಮಕೂಡಲು ನರಸೀಪುರದ ಸಂಗಮಕ್ಕೆ ಸ್ನಾನಕ್ಕಿಳಿಯುವವರು ಪೂರ್ವ ದಿಕ್ಕಿನತ್ತ ಮುಖ ಮಾಡಿ ಸೂರ್ಯೋದಯಕ್ಕಾಗಿ ಕಾಯುತ್ತಾರೆ. ಅದೇ ವೇಳೆಯಲ್ಲಿ, ಅಂದರೆ ಬೆಳಗಿನ ಜಾವ ಐದರಿಂದ ಐದೂವರೆ ಗಂಟೆಯೊಳಗೆ, ದಕ್ಷಿಣದ ಬಾನಂಚಿನ ಮೇಲೆ ಒಂದು ಪ್ರಖರ ನಕ್ಷತ್ರ ನಿಂತಿರುತ್ತದೆ. ಬರಿಗಣ್ಣಿಗೆ ಅದು ಒಂದೇ ಚುಕ್ಕಿ. ವಾಸ್ತವದಲ್ಲಿ ಅದು ಒಂದನ್ನೊಂದು ಸುತ್ತುತ್ತಿರುವ ಎರಡು ಸೂರ್ಯರು. ಅದರ ಹೆಸರು ಆಲ್ಫಾ ಸೆಂಟಾರಿ. ಸೌರಮಂಡಲಕ್ಕೆ ಅತಿ ಸಮೀಪವಿರುವ ನಕ್ಷತ್ರ ಕುಟುಂಬ ಇದೇ.

ಒಂದೇ ಸೂರ್ಯನ ಬಿಸಿಲನ್ನು ನಂಬಿ ಭತ್ತ, ಕಬ್ಬು, ರಸಬಾಳೆ ಬೆಳೆಯುವ ನೆಲದಲ್ಲಿ ನಿಂತು ಕೇಳಬಹುದಾದ ಸಹಜ ಪ್ರಶ್ನೆ ಇದು: ಆಕಾಶದಲ್ಲಿ ಎರಡು ಸೂರ್ಯರಿದ್ದರೆ ಗ್ರಹವೊಂದರ ಗತಿ ಏನು? ಅಲ್ಲಿ ನೀರು ನಿಲ್ಲುವುದೇ, ಗಾಳಿ ಉಳಿಯುವುದೇ, ಜೀವ ಸಾಧ್ಯವೇ? ಸೂರ್ಯನಂತಹ ನಕ್ಷತ್ರಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಒಂದಾದರೂ ಸಂಗಾತಿ ನಕ್ಷತ್ರವಿದೆ. ಆದ್ದರಿಂದ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ವಿಶ್ವದಲ್ಲಿ ಜೀವಿಗಳಿಗೆ ನೆಲೆ ಎಷ್ಟಿರಬಹುದು ಎಂಬ ಲೆಕ್ಕದ ದೊಡ್ಡ ಪಾಲು ಇದರ ಉತ್ತರವನ್ನೇ ಅವಲಂಬಿಸಿದೆ.

ದಕ್ಷಿಣ ಭಾರತದ ನಂಟು

ಆಲ್ಫಾ ಸೆಂಟಾರಿ ಉತ್ತರ ಭಾರತದ ಬಹುಭಾಗಕ್ಕೆ ಕಾಣುವುದಿಲ್ಲ. ದೆಹಲಿಯಲ್ಲಿ ಅದು ದಿಗಂತವನ್ನು ಸವರಿದಂತೆ ಮೂಡಿ ಮುಳುಗುತ್ತದೆ. ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಂಜನಗೂಡು ಮತ್ತು ತಿ.ನರಸೀಪುರದಲ್ಲಿ ಮಾತ್ರ ಅದು ದಿಗಂತದಿಂದ 17 ಡಿಗ್ರಿಯಷ್ಟು ಮೇಲೇರುತ್ತದೆ.

ಈ ನಕ್ಷತ್ರ ಒಂದಲ್ಲ, ಎರಡು ಎಂಬ ಸಂಗತಿ ಮೊದಲು ದಾಖಲಾದದ್ದು ಇದೇ ಅಕ್ಷಾಂಶದ ಸಮೀಪದಲ್ಲಿ. 1689ರ ಡಿಸೆಂಬರ್‌ನಲ್ಲಿ ಪುದುಚೇರಿಯಲ್ಲಿದ್ದ ಫ್ರೆಂಚ್ ಜೆಸ್ವಿಟ್ ಪಾದ್ರಿ ಜ್ಯಾಂ ರಿಶೊ ಧೂಮಕೇತುವೊಂದನ್ನು ದೂರದರ್ಶಕದಲ್ಲಿ ವೀಕ್ಷಿಸುತ್ತಿದ್ದಾಗ ಆಲ್ಫಾ ಸೆಂಟಾರಿ ಜೋಡಿಯಾಗಿರುವುದನ್ನು ಕಂಡರು.

ಜೋಡಿ ನಕ್ಷತ್ರಕ್ಕೆ ಗ್ರಹವಿರಬಹುದು ಎಂಬ ಆರಂಭಿಕ ವಾದವೂ ದಕ್ಷಿಣ ಭಾರತದಿಂದಲೇ ಹೊರಟಿತು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್ ಅವರು 1855ರಲ್ಲಿ ‘70 ಒಫಿಯೂಕಿ’ ಎಂಬ ಜೋಡಿ ನಕ್ಷತ್ರದ ಚಲನೆಯಲ್ಲಿ ಕಂಡ ವ್ಯತ್ಯಾಸಕ್ಕೆ ಕಣ್ಣಿಗೆ ಕಾಣದ ಗ್ರಹವೇ ಕಾರಣವಿರಬಹುದು ಎಂದು ಬರೆದರು. ಮುಂದೆ ಈ ವಾದ ನಿಲ್ಲಲಿಲ್ಲ. ಆದರೆ ಸೌರಮಂಡಲದಾಚೆಗಿನ ಗ್ರಹದ ಬಗ್ಗೆ ವೀಕ್ಷಣೆಯನ್ನು ಆಧರಿಸಿ ಮಂಡಿತವಾದ ಮೊದಲ ವಾದಗಳಲ್ಲಿ ಅದೂ ಒಂದು ಎಂಬುದು ಗಮನಾರ್ಹ. ಮದ್ರಾಸ್ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲ್ ಮೂಲಕ ಸಾಗಿ, 1971ರಲ್ಲಿ ಸ್ವಾಯತ್ತ ಸಂಸ್ಥೆಯಾದ ಭಾರತೀಯ ಖಭೌತ ಸಂಸ್ಥೆಯಲ್ಲಿ ಮುಂದುವರಿದಿದೆ. ಅದರ ಕೇಂದ್ರ ಕಚೇರಿ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ.

ಎರಡು ಬಗೆಯ ಪಥಗಳು

ಜೋಡಿ ನಕ್ಷತ್ರಗಳ ನೆರೆಯಲ್ಲಿ ಗ್ರಹವೊಂದು ಎರಡು ರೀತಿಯಲ್ಲಿ ನೆಲೆ ನಿಲ್ಲಬಲ್ಲದು. ಅದನ್ನು ತಿಳಿಯಲು ಮೈಸೂರು ಜಿಲ್ಲೆಯ ನದಿಗಳ ನಕ್ಷೆಯೇ ಸಾಕು.

ನಂಜನಗೂಡು ಕಪಿಲೆಯ ದಡದ ಊರು. ಕಾವೇರಿ ದೂರದಲ್ಲಿ ಹರಿಯುತ್ತಿದ್ದರೂ ಊರಿನ ನೆರೆ, ಬರ ಎರಡನ್ನೂ ನಿರ್ಧರಿಸುವುದು ಕಪಿಲೆಯೇ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಹೊರಬಿಟ್ಟ ನೀರು ಊರಿಗೆ ನುಗ್ಗಿದ್ದು ಇದಕ್ಕೆ ನಿದರ್ಶನ. ಜೋಡಿಯಲ್ಲಿ ಒಂದೇ ನಕ್ಷತ್ರವನ್ನು ಹತ್ತಿರದಿಂದ ಸುತ್ತುತ್ತ, ಇನ್ನೊಂದನ್ನು ದೂರದಲ್ಲಿ ಇರಿಸಿಕೊಂಡ ಗ್ರಹದ ಸ್ಥಿತಿ ಹೀಗೆಯೇ ಇರುತ್ತದೆ.

ತಿ.ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಕೆಳಗಿರುವ ತಲಕಾಡಿಗೆ ಬರುವುದು ಎರಡೂ ನದಿಗಳ ಒಟ್ಟು ನೀರು. ಯಾವ ನದಿಯಲ್ಲಿ ಯಾವಾಗ ಎಷ್ಟು ನೀರು ಏರುತ್ತದೆ ಎಂಬುದರ ಮೇಲೆ ಕೆಳಗಿನ ಊರಿನ ಪ್ರವಾಹ ನಿಂತಿದೆ. ತೀರ ಹತ್ತಿರ ಸುತ್ತುವ ಎರಡು ನಕ್ಷತ್ರಗಳನ್ನು ಹೊರಗಿನಿಂದ ಒಟ್ಟಾಗಿ ಪ್ರದಕ್ಷಿಣೆ ಮಾಡುವ ಗ್ರಹದ ಸ್ಥಿತಿ ಈ ಎರಡನೆಯ ಬಗೆಯದು.

ಎರಡರಲ್ಲಿಯೂ ಗುರುತ್ವದ ಕಟ್ಟುಪಾಡು ಇದೆ. ಮೊದಲ ಬಗೆಯಲ್ಲಿ ಗ್ರಹ ತನ್ನ ನಕ್ಷತ್ರದಿಂದ ಬಹಳ ದೂರ ಹೋಗುವಂತಿಲ್ಲ. ಹೋದರೆ ಇನ್ನೊಂದು ನಕ್ಷತ್ರ ಅದರ ಕಕ್ಷೆಯನ್ನು ಕೆಡಿಸುತ್ತದೆ. ಎರಡನೆಯ ಬಗೆಯಲ್ಲಿ ಗ್ರಹ ಜೋಡಿಗೆ ತೀರ ಹತ್ತಿರ ಬರುವಂತಿಲ್ಲ. ಸಾಮಾನ್ಯವಾಗಿ ಎರಡು ನಕ್ಷತ್ರಗಳ ನಡುವಿನ ಅಂತರದ ಎರಡರಿಂದ ನಾಲ್ಕು ಪಟ್ಟು ದೂರದಲ್ಲಿದ್ದರೆ ಮಾತ್ರ ಅದರ ಪಥ ಸ್ಥಿರವಾಗಿ ಉಳಿಯುತ್ತದೆ.

ದೂರದ ಸೂರ್ಯನ ಪಾಲು ಎಷ್ಟು?

ವಿಕಿರಣದ ಲೆಕ್ಕ ಒಂದು ಸರಳ ನಿಯಮದಿಂದ ಆರಂಭವಾಗುತ್ತದೆ. ದೂರ ಎರಡು ಪಟ್ಟಾದರೆ ತಲುಪುವ ಶಾಖ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಭೂಮಿಯ ವಾತಾವರಣದ ಹೊರ ಅಂಚಿನಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಸೌರಶಕ್ತಿ ಬೀಳುತ್ತದೆ. ಭೂಮಿ ಮತ್ತು ಸೂರ್ಯನ ನಡುವಿನ ಸರಾಸರಿ ದೂರ, ಅಂದರೆ ಸುಮಾರು 15 ಕೋಟಿ ಕಿಲೋಮೀಟರ್, ಒಂದು ಖಗೋಳಮಾನ ಎನಿಸಿದೆ.

ಆಲ್ಫಾ ಸೆಂಟಾರಿ ‘ಎ’ ಸೂರ್ಯನಿಗಿಂತ ಸುಮಾರು ಒಂದೂವರೆ ಪಟ್ಟು ಪ್ರಕಾಶಮಾನ. ‘ಬಿ’ಯ ಪ್ರಕಾಶ ಸೂರ್ಯನ ಸುಮಾರು ಅರ್ಧದಷ್ಟು. ಇವೆರಡೂ ಸುಮಾರು 80 ವರ್ಷಗಳಿಗೊಮ್ಮೆ ಒಂದನ್ನೊಂದು ಸುತ್ತುತ್ತವೆ. ಕಕ್ಷೆ ಅಂಡಾಕಾರವಾದ್ದರಿಂದ ಅವುಗಳ ನಡುವಿನ ಅಂತರ ಸುಮಾರು 11 ಖಗೋಳಮಾನದಿಂದ 36 ಖಗೋಳಮಾನದವರೆಗೆ ಬದಲಾಗುತ್ತದೆ.

‘ಎ’ಯಿಂದ ಸುಮಾರು 1.2 ಖಗೋಳಮಾನ ದೂರದಲ್ಲಿ ಗ್ರಹವೊಂದಿದ್ದರೆ ಭೂಮಿಗೆ ದೊರೆಯುವಷ್ಟೇ ಬಿಸಿಲು ಅದಕ್ಕೂ ದೊರೆಯುತ್ತದೆ. ಆಗ ಎರಡನೆಯ ಸೂರ್ಯನ ಕೊಡುಗೆ ಎಷ್ಟು? ‘ಬಿ’ ಅತಿ ಸಮೀಪಕ್ಕೆ ಬಂದಾಗಲೂ ಅದು ಒಟ್ಟು ಬಿಸಿಲಿನ ಶೇ 0.5ರಷ್ಟು ಮಾತ್ರ. ಅತಿ ದೂರದಲ್ಲಿದ್ದಾಗ ಶೇ 0.04ರಷ್ಟು. ಗ್ರಹವನ್ನು ಸುಟ್ಟುಬಿಡುವ ಮಾತಿರಲಿ, ಋತುಮಾನವನ್ನು ಗಣನೀಯವಾಗಿ ಕದಲಿಸಲೂ ಅದು ಸಾಲದು.

ಆದರೆ ಬೆಳಕಿನ ಮಾತೇ ಬೇರೆ. ಹುಣ್ಣಿಮೆಯ ಚಂದ್ರನ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದ ಒಂದು ಭಾಗ. ಆ ಲೆಕ್ಕದಲ್ಲಿ ‘ಬಿ’ ಇರುವ ರಾತ್ರಿ ನಮ್ಮ ಹುಣ್ಣಿಮೆಗಿಂತ ಅಂದಾಜು 150ರಿಂದ 2,000 ಪಟ್ಟು ಬೆಳಗುತ್ತದೆ. ಗ್ರಹದ ವರ್ಷದ ಒಂದು ಭಾಗದಲ್ಲಿ ಎರಡನೆಯ ಸೂರ್ಯ ಹಗಲಿನಲ್ಲೇ ಮೂಡಿರುತ್ತಾನೆ. ಇನ್ನೊಂದು ಭಾಗದಲ್ಲಿ ರಾತ್ರಿಯಿಡೀ ಬೆಳಗುತ್ತಾನೆ. ಕತ್ತಲನ್ನು ನೆಚ್ಚಿದ ಜೀವಿಗಳಿಗೆ ಅಂತಹ ತಿಂಗಳುಗಳಲ್ಲಿ ಕತ್ತಲೆಯೇ ಇರದು.

ಎರಡನೆಯ ನಕ್ಷತ್ರದ ನಿಜವಾದ ಪ್ರಭಾವ ಅಡ್ಡದಾರಿಯಿಂದ ಬರುತ್ತದೆ. ಅದರ ಗುರುತ್ವದ ಸೆಳೆತ ಗ್ರಹದ ಕಕ್ಷೆಯನ್ನು ನಿಧಾನವಾಗಿ ಹಿಗ್ಗಿಸಿ ಕುಗ್ಗಿಸುತ್ತದೆ. ಕಕ್ಷೆ ಹೆಚ್ಚು ಅಂಡಾಕಾರವಾದಷ್ಟೂ ಮುಖ್ಯ ಸೂರ್ಯನಿಂದ ಬರುವ ಶಾಖವೇ ಏರಿಳಿಯುತ್ತದೆ. ನೇರ ವಿಕಿರಣಕ್ಕಿಂತ ಈ ಪರೋಕ್ಷ ಏರಿಳಿತವೇ ದೊಡ್ಡದು ಎಂಬುದು ಸಂಶೋಧಕರ ಅಭಿಮತ.

ಒಟ್ಟು ಬೆಳಕಿನ ಗ್ರಹಗಳು

ಎರಡು ಸೂರ್ಯರನ್ನೂ ಒಟ್ಟಿಗೆ ಸುತ್ತುವ ಗ್ರಹ ಬಹುಕಾಲ ಕಲ್ಪನೆಯಲ್ಲಷ್ಟೇ ಇತ್ತು. 1977ರ ‘ಸ್ಟಾರ್ ವಾರ್ಸ್’ ಚಲನಚಿತ್ರದ ಜೋಡಿ ಸೂರ್ಯಾಸ್ತ ಅದನ್ನು ಜನಪ್ರಿಯಗೊಳಿಸಿತು. 2011ರ ಸೆಪ್ಟೆಂಬರ್‌ನಲ್ಲಿ ನಾಸಾದ ಕೆಪ್ಲರ್ ದೂರದರ್ಶಕದ ವಿಜ್ಞಾನಿಗಳು ‘ಕೆಪ್ಲರ್-16ಬಿ’ಯನ್ನು ಪ್ರಕಟಿಸಿದಾಗ ಕಲ್ಪನೆ ವಾಸ್ತವವಾಯಿತು. ಅಲ್ಲಿನ ಎರಡೂ ನಕ್ಷತ್ರಗಳು ಸೂರ್ಯನಿಗಿಂತ ಚಿಕ್ಕವು. ಅವು 41 ದಿನಗಳಲ್ಲಿ ಒಂದನ್ನೊಂದು ಸುತ್ತುತ್ತವೆ. ಶನಿಯ ಗಾತ್ರದ ಗ್ರಹ ಅವೆರಡನ್ನೂ 229 ದಿನಗಳಲ್ಲಿ ಸುತ್ತಿ ಬರುತ್ತದೆ.

ಆ ಗ್ರಹಕ್ಕೆ ದೊರೆಯುವ ಬಿಸಿಲು ಭೂಮಿಗೆ ದೊರೆಯುವುದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಲ್ಲಿನ ಉಷ್ಣಾಂಶ ಶೂನ್ಯಕ್ಕಿಂತ 70ರಿಂದ 100 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ ಎಂದು ಅಂದಾಜಿಸಲಾಗಿದೆ. ಗಮನಿಸಬೇಕಾದ ಅಂಶವೆಂದರೆ, ನಕ್ಷತ್ರಗಳೇ ಚಲಿಸುತ್ತಿರುವುದರಿಂದ ಗ್ರಹ ಸುತ್ತುವ ಪಥ ಹೆಚ್ಚುಕಡಿಮೆ ವೃತ್ತಾಕಾರವಾಗಿದ್ದರೂ ಬಿಸಿಲು ಒಂದೇ ಸಮ ಇರುವುದಿಲ್ಲ. ಮುಖ್ಯ ನಕ್ಷತ್ರ ಗ್ರಹದತ್ತ ಬಾಗಿದಾಗ ಶಾಖ ಏರುತ್ತದೆ, ಸರಿದಾಗ ಇಳಿಯುತ್ತದೆ. ಈ ವ್ಯತ್ಯಾಸ ಸುಮಾರು ಮೂರನೇ ಒಂದು ಭಾಗದಷ್ಟಿದೆ. ಹೋಲಿಕೆಗೆ, ಭೂಮಿ ಸೂರ್ಯನಿಗೆ ಅತಿ ಸಮೀಪವಿರುವ ಜನವರಿಗೂ ಅತಿ ದೂರವಿರುವ ಜುಲೈಗೂ ನಡುವಿನ ವ್ಯತ್ಯಾಸ ಶೇ 7ರಷ್ಟು ಮಾತ್ರ.

ಇದರ ಜೊತೆಗೆ ಗ್ರಹಣಗಳು. ಒಂದು ನಕ್ಷತ್ರ ಇನ್ನೊಂದರ ಮುಂದೆ ಹಾದುಹೋದಾಗಲೆಲ್ಲ ಗ್ರಹದ ಮೇಲಿನ ಬೆಳಕು ಕೆಲವು ಗಂಟೆ ಕಾಲ ಕುಗ್ಗುತ್ತದೆ. 2012ರಲ್ಲಿ ಪ್ರಕಟವಾದ ‘ಕೆಪ್ಲರ್-47’ ವ್ಯವಸ್ಥೆಯ ನಕ್ಷತ್ರಗಳು ಏಳೂವರೆ ದಿನಕ್ಕೊಮ್ಮೆ ಸುತ್ತುತ್ತವೆ. ಅಲ್ಲಿನ ಗ್ರಹಗಳಿಗೆ ಗ್ರಹಣ ಎಂಬುದು ವಾರದ ಸಂತೆಯಂತೆ ವಾಡಿಕೆಯ ಸಂಗತಿ. ಟೆಸ್ ದೂರದರ್ಶಕದ ದತ್ತಾಂಶದಲ್ಲಿ ದೊರೆತ ಇಂತಹ ಮೊದಲ ಗ್ರಹ ‘ಟಿಒಐ-1338 ಬಿ’. 2019ರ ಬೇಸಿಗೆಯಲ್ಲಿ ನಾಸಾದಲ್ಲಿ ತರಬೇತಿಗೆ ಬಂದಿದ್ದ ಪ್ರೌಢಶಾಲಾ ವಿದ್ಯಾರ್ಥಿ ವುಲ್ಫ್ ಕುಕಿಯರ್ ಅದರ ಸುಳಿವನ್ನು ಗುರುತಿಸಿದ್ದು 2020ರಲ್ಲಿ ಪ್ರಕಟವಾಯಿತು.

ಬೆಳಕಿನ ಬಣ್ಣವೂ ಮುಖ್ಯ

ಎಷ್ಟು ವಿಕಿರಣ ಎಂಬುದರಷ್ಟೇ ಯಾವ ವಿಕಿರಣ ಎಂಬುದೂ ಮುಖ್ಯ. ತಂಪಾದ ಕೆಂಪು ನಕ್ಷತ್ರದ ಬೆಳಕಿನಲ್ಲಿ ಅವಕೆಂಪು ಕಿರಣಗಳ ಪಾಲು ಹೆಚ್ಚು. ವಾತಾವರಣದ ನೀರಾವಿ, ನೆಲದ ಹಿಮ ಇವು ಅವಕೆಂಪು ಕಿರಣಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಆದ್ದರಿಂದ ಒಂದೇ ಪ್ರಮಾಣದ ಶಕ್ತಿ ಬಿದ್ದರೂ ಕೆಂಪು ನಕ್ಷತ್ರದ ಬೆಳಕು ಗ್ರಹವನ್ನು ಹೆಚ್ಚು ಬಿಸಿ ಮಾಡುತ್ತದೆ. ನಾದರ್ ಹಗಿಗೀಪುರ್ ಮತ್ತು ಲೀಸಾ ಕಾಲ್ಟೆನೆಗರ್ 2013ರಲ್ಲಿ ಜೋಡಿ ನಕ್ಷತ್ರಗಳ ವಾಸಯೋಗ್ಯ ವಲಯವನ್ನು ಲೆಕ್ಕ ಹಾಕಿದಾಗ ಎರಡೂ ನಕ್ಷತ್ರಗಳ ಬೆಳಕನ್ನು ಸುಮ್ಮನೆ ಕೂಡಿಸದೆ, ಪ್ರತಿಯೊಂದರ ಬಣ್ಣಕ್ಕೆ ತಕ್ಕ ತೂಕ ನೀಡಿಯೇ ಕೂಡಿಸಿದರು.

ಏರಿಳಿಯುವ ಬಿಸಿಲಿಗೆ ಸಾಗರಗಳೇ ತಡೆ ಎಂಬ ಆಶಾದಾಯಕ ಅಂಶವೂ ಬೆಳಕಿಗೆ ಬಂದಿದೆ. ಮಾಕ್ಸ್ ಪಾಪ್ ಮತ್ತು ಸೀಗ್‌ಫ್ರೀಡ್ ಎಗ್ಲ್ 2017ರಲ್ಲಿ ‘ಕೆಪ್ಲರ್-35’ ಜೋಡಿಯ ಸುತ್ತ ನೀರಿನಿಂದ ಆವೃತವಾದ ಭೂಮಿಯಂತಹ ಗ್ರಹವನ್ನು ಕಂಪ್ಯೂಟರ್ ಮಾದರಿಯಲ್ಲಿ ಇರಿಸಿ ನೋಡಿದರು. ನೀರು ನಿಧಾನವಾಗಿ ಕಾಯ್ದು ನಿಧಾನವಾಗಿ ಆರುವುದರಿಂದ, ಬಿಸಿಲಿನ ವೇಗದ ಏರಿಳಿತ ಹವೆಯನ್ನು ಅಷ್ಟಾಗಿ ಕೆಡಿಸದು ಎಂಬುದು ಅವರ ಅಧ್ಯಯನದಿಂದ ತಿಳಿದುಬಂತು.

ಕಾಣದ ಕಿರಣಗಳ ಹೊಡೆತ

ನಿಜವಾದ ಅಪಾಯ ಇರುವುದು ಕಣ್ಣಿಗೆ ಕಾಣದ ಕಿರಣಗಳಲ್ಲಿ. ತೀವ್ರ ನೇರಳಾತೀತ ಕಿರಣ ಮತ್ತು ಕ್ಷ-ಕಿರಣಗಳು ಗ್ರಹದ ಮೇಲ್ವಾತಾವರಣವನ್ನು ಕಾಯಿಸಿ ಅನಿಲಗಳನ್ನು ಬಾಹ್ಯಾಕಾಶಕ್ಕೆ ಚದುರಿಸುತ್ತವೆ. ನಕ್ಷತ್ರದಿಂದ ಹೊರಹೊಮ್ಮುವ ವಿದ್ಯುದಾವಿಷ್ಟ ಕಣಗಳ ಮಾರುತ ಉಳಿದದ್ದನ್ನು ಉಜ್ಜಿ ಒಯ್ಯುತ್ತದೆ. ಗಾಳಿ ಹೋದರೆ ನೀರೂ ಹೋದಂತೆ. ಮಂಗಳ ಗ್ರಹ ಇದೇ ರೀತಿ ತನ್ನ ವಾತಾವರಣದ ಬಹುಪಾಲನ್ನು ಕಳೆದುಕೊಂಡಿದೆ.

ನಕ್ಷತ್ರ ವೇಗವಾಗಿ ತನ್ನ ಸುತ್ತ ತಿರುಗಿದಷ್ಟೂ ಅದರ ಕಾಂತಕ್ಷೇತ್ರ ಪ್ರಬಲವಾಗಿ, ಕ್ಷ-ಕಿರಣ ಮತ್ತು ಜ್ವಾಲೆಗಳು ಹೆಚ್ಚುತ್ತವೆ. ಜೋಡಿ ನಕ್ಷತ್ರಗಳ ವೈಶಿಷ್ಟ್ಯ ಇರುವುದು ಇಲ್ಲಿಯೇ. ಹತ್ತಿರವಿರುವ ನಕ್ಷತ್ರಗಳು ಪರಸ್ಪರ ಸೆಳೆತದಿಂದ ಒಂದರ ತಿರುಗುವಿಕೆಯನ್ನು ಇನ್ನೊಂದು ನಿಯಂತ್ರಿಸುತ್ತವೆ. ಎರಡು ಮೂರು ದಿನಗಳಲ್ಲೇ ಸುತ್ತುವ ತೀರ ನಿಕಟ ಜೋಡಿಗಳಲ್ಲಿ ನಕ್ಷತ್ರಗಳು ಮುಪ್ಪಿನಲ್ಲೂ ವೇಗವಾಗಿ ತಿರುಗುತ್ತ ಕ್ಷ-ಕಿರಣ ಸುರಿಸುತ್ತಲೇ ಇರುತ್ತವೆ. ಬರಿಗಣ್ಣಿಗೆ ಕಾಣುವ ಅಲ್ಗಾಲ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಂತರ ತುಸು ಹೆಚ್ಚಿದ್ದರೆ ಇದೇ ಸೆಳೆತ ನಕ್ಷತ್ರಗಳ ವೇಗವನ್ನು ಬೇಗನೆ ತಗ್ಗಿಸಿ ಅವುಗಳನ್ನು ಸೌಮ್ಯಗೊಳಿಸುತ್ತದೆ. ಪಾಲ್ ಮೇಸನ್, ಹೋರ್ಹೆ ಸುಲುಯಾಗಾ ಮತ್ತು ಸಂಗಡಿಗರು 2013ರಲ್ಲಿ ಮಂಡಿಸಿದ ಈ ವಿಚಾರದ ಪ್ರಕಾರ, ಕೆಲವು ಜೋಡಿಗಳ ಗ್ರಹಗಳು ಒಂಟಿ ಸೂರ್ಯನ ಗ್ರಹಗಳಿಗಿಂತಲೂ ಹೆಚ್ಚು ಸುರಕ್ಷಿತವಾಗಿರಬಲ್ಲವು.

ಕಣ್ಣಿಗೆ ಕಾಣುವ ಬೆಳಕನ್ನು ನಂಬಿ ಅಪಾಯವನ್ನು ಅಳೆಯುವಂತಿಲ್ಲ. ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ ಲುಬ್ಧಕವೂ ಜೋಡಿಯೇ. ಕಣ್ಣಿಗೆ ಕಾಣುವುದು ದೊಡ್ಡ ನಕ್ಷತ್ರ ಮಾತ್ರ. ಕ್ಷ-ಕಿರಣ ದೂರದರ್ಶಕಕ್ಕೆ ಎದ್ದು ಕಾಣುವುದು ಪಕ್ಕದ ಪುಟ್ಟ ಶ್ವೇತಕುಬ್ಜ.

ಆಲ್ಫಾ ಸೆಂಟಾರಿಯ ಮಟ್ಟಿಗೆ ಸುದ್ದಿ ಒಳ್ಳೆಯದೇ ಇದೆ. ಚಂದ್ರ ಕ್ಷ-ಕಿರಣ ವೀಕ್ಷಣಾಲಯದ ದೀರ್ಘಕಾಲದ ವೀಕ್ಷಣೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ‘ಎ’ಯ ವಾಸಯೋಗ್ಯ ವಲಯದಲ್ಲಿ ಬೀಳುವ ಕ್ಷ-ಕಿರಣ ಸೂರ್ಯನ ಸುತ್ತಲಿನ ಪ್ರಮಾಣಕ್ಕಿಂತ ಸರಾಸರಿಯಲ್ಲಿ ಕಡಿಮೆ. ‘ಬಿ’ಯ ಬಳಿ ಸುಮಾರು ಐದು ಪಟ್ಟು ಹೆಚ್ಚು. ಆದರೆ ಈ ಕುಟುಂಬದ ಮೂರನೆಯ ಸದಸ್ಯ, ಕೆಂಪುಕುಬ್ಜ ಪ್ರಾಕ್ಸಿಮಾದ ಬಳಿ ಅದು ಸರಾಸರಿ 500 ಪಟ್ಟು, ದೊಡ್ಡ ಜ್ವಾಲೆಯ ವೇಳೆ 50,000 ಪಟ್ಟು. 2016ರಲ್ಲಿ ಪತ್ತೆಯಾದ, ಭೂಮಿಗೆ ಹೋಲಿಸಬಹುದಾದ ತೂಕದ ‘ಪ್ರಾಕ್ಸಿಮಾ ಬಿ’ ಗ್ರಹ ಇರುವುದು ಆ ನಕ್ಷತ್ರದ ಮಗ್ಗುಲಲ್ಲೇ. ಗ್ರಹಕ್ಕೆ ಕಂಟಕವಾಗಿರುವುದು ಜೋಡಿ ಸೂರ್ಯರಲ್ಲ, ದೂರದಲ್ಲಿರುವ ಮಂಕಾದ ಒಂಟಿ ನಕ್ಷತ್ರ ಎಂಬುದು ವಿಪರ್ಯಾಸ.

ಗ್ರಹ ಇದೆಯೇ?

ಹಾಗಾದರೆ ‘ಎ’ ಅಥವಾ ‘ಬಿ’ಗೆ ಗ್ರಹವಿದೆಯೇ? 2012ರಲ್ಲಿ ‘ಬಿ’ಯ ಸುತ್ತ ಗ್ರಹ ಪತ್ತೆಯಾಗಿದೆ ಎಂದು ಪ್ರಕಟವಾಗಿತ್ತು. 2015ರ ಮರುಪರಿಶೀಲನೆಯಲ್ಲಿ ಅದು ದತ್ತಾಂಶದ ವಿಶ್ಲೇಷಣೆಯಿಂದ ಹುಟ್ಟಿದ ಭ್ರಮೆ ಎಂದು ತಿಳಿಯಿತು. 2025ರ ಆಗಸ್ಟ್‌ನಲ್ಲಿ ಮತ್ತೊಂದು ಸುದ್ದಿ ಬಂತು. ಜೇಮ್ಸ್ ವೆಬ್ ದೂರದರ್ಶಕ 2024ರ ಆಗಸ್ಟ್‌ನಲ್ಲಿ ತೆಗೆದ ಚಿತ್ರದಲ್ಲಿ ‘ಎ’ಯ ಪಕ್ಕ ಅದಕ್ಕಿಂತ ಸುಮಾರು 10,000 ಪಟ್ಟು ಮಂಕಾದ ಚುಕ್ಕಿ ಕಂಡಿತ್ತು. ಶನಿಯಷ್ಟು ತೂಕದ ಅನಿಲ ಗ್ರಹವಿರಬಹುದು ಎಂಬುದು ಸಂಶೋಧಕರ ಊಹೆ. 2025ರ ಫೆಬ್ರುವರಿ ಮತ್ತು ಏಪ್ರಿಲ್‌ನಲ್ಲಿ ಮತ್ತೆ ನೋಡಿದಾಗ ಅದು ಕಾಣಲಿಲ್ಲ. ಆ ವೇಳೆಗೆ ಗ್ರಹ ನಕ್ಷತ್ರಕ್ಕೆ ತೀರ ಹತ್ತಿರ ಸರಿದಿದ್ದಿರಬಹುದು ಎಂದು ವಿವರಿಸಲಾಗಿದೆ. ಹೀಗಾಗಿ ಅದನ್ನು ಗ್ರಹ ಎಂದಲ್ಲ, ಸಂಭಾವ್ಯ ಗ್ರಹ ಎಂದಷ್ಟೇ ಕರೆಯಲಾಗಿದೆ. 1855ರ ಮದ್ರಾಸಿನ ಅನುಭವ ಬಲ್ಲವರಿಗೆ ಈ ಎಚ್ಚರ ಅರ್ಥವಾಗದಿರದು.

ಅದು ಗ್ರಹವೇ ಎಂದು ದೃಢಪಟ್ಟರೂ ಅನಿಲಗೋಳದ ಮೇಲೆ ನಿಲ್ಲಲು ನೆಲವಿಲ್ಲ. ಆದರೆ 80 ವರ್ಷಕ್ಕೊಮ್ಮೆ ಎರಡನೆಯ ಸೂರ್ಯ ಸಮೀಪಿಸುವ ಜಾಗದಲ್ಲೂ ಗ್ರಹ ಹುಟ್ಟಿ ಉಳಿಯಬಲ್ಲದು ಎಂಬುದಕ್ಕೆ ಅದು ನಮ್ಮ ಮಗ್ಗುಲಿನ ಸಾಕ್ಷಿಯಾಗುತ್ತದೆ.

ನೋಡುವುದು ಹೇಗೆ?

ಜೋಡಿ ನಕ್ಷತ್ರ ಕನ್ನಡಿಗರಿಗೆ ಅಪರಿಚಿತವೇನಲ್ಲ. ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿ ಮತ್ತು ವಸಿಷ್ಠ ನಕ್ಷತ್ರಗಳು ಉತ್ತರದ ಸಪ್ತರ್ಷಿ ಮಂಡಲದಲ್ಲಿವೆ. ವಸಿಷ್ಠ ನಾಲ್ಕು ನಕ್ಷತ್ರಗಳ, ಅರುಂಧತಿ ಎರಡು ನಕ್ಷತ್ರಗಳ ಕೂಟ ಎಂಬುದನ್ನು ಆಧುನಿಕ ಉಪಕರಣಗಳು ತೋರಿಸಿಕೊಟ್ಟಿವೆ.

ಆಲ್ಫಾ ಸೆಂಟಾರಿಯನ್ನು ನೋಡಲು ದಕ್ಷಿಣ ದಿಗಂತ ತೆರೆದಿರಬೇಕು. ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳಲ್ಲಿ ಪೇಟೆಯ ದೀಪಗಳಿಂದ ದೂರವಾದ ನದಿಯಂಚು, ಗದ್ದೆ ಬಯಲು ಇದಕ್ಕೆ ತಕ್ಕ ಸ್ಥಳ. ನಕ್ಷತ್ರ ನೇರ ದಕ್ಷಿಣಕ್ಕೆ ಬರುವ ಸುಮಾರು ವೇಳೆ ಹೀಗಿದೆ:

* ಮಾರ್ಚ್ ಮೊದಲ ವಾರ: ಬೆಳಗಿನ ಜಾವ 4.30
* ಏಪ್ರಿಲ್ ಮೊದಲ ವಾರ: ನಡುರಾತ್ರಿ ಕಳೆದು 2.30
* ಮೇ ಮೊದಲ ವಾರ: ರಾತ್ರಿ 12.30
* ಜೂನ್ ಮೊದಲ ವಾರ: ರಾತ್ರಿ 10.30

ಜೂನ್‌ನಲ್ಲಿ ಮುಂಗಾರಿನ ಮೋಡ ಅಡ್ಡಿಯಾಗುವುದರಿಂದ ಏಪ್ರಿಲ್ ಮತ್ತು ಮೇ ತಿಂಗಳು ಸೂಕ್ತ. ಪಶ್ಚಿಮಕ್ಕೆ ತ್ರಿಶಂಕು ನಕ್ಷತ್ರಪುಂಜ, ಅದರತ್ತ ಬೆರಳು ತೋರಿದಂತೆ ಎರಡು ಪ್ರಖರ ನಕ್ಷತ್ರಗಳು ಕಾಣುತ್ತವೆ. ಅವುಗಳಲ್ಲಿ ಪೂರ್ವಕ್ಕಿರುವುದೇ ಆಲ್ಫಾ ಸೆಂಟಾರಿ. ಸಾಧಾರಣ ದೂರದರ್ಶಕದಲ್ಲಿ ಅದು ಎರಡಾಗಿ ಕಾಣುತ್ತದೆ.

ಅಲ್ಲಿಂದ ಹೊರಟ ಬೆಳಕು ಕಪಿಲಾ ತೀರ ತಲುಪಲು ನಾಲ್ಕು ವರ್ಷಕ್ಕೂ ತುಸು ಹೆಚ್ಚು ಕಾಲ ಹಿಡಿಯುತ್ತದೆ. ‘ಎ’ ಮತ್ತು ‘ಬಿ’ ಮತ್ತೆ ಅತಿ ಸಮೀಪಕ್ಕೆ ಬರುವುದು 2035ರಲ್ಲಿ. ಅಲ್ಲಿ ಗ್ರಹವೊಂದಿದ್ದರೆ ಅದರ ರಾತ್ರಿಗಳು ಆಗ ಅತ್ಯಂತ ಪ್ರಖರವಾಗಿರುತ್ತವೆ.